ಬಾಳೆಯೆಲೆಯಲ್ಲಿ ಬೆಂದ ಬಂಗುಡೆ: ಒಂದು ಹಿತಮಿತವಾದ ಊಟ

ಕರಾವಳಿಯ ಮನೆಗಳಲ್ಲಿ ಮೀನು ಹುರಿಯುವ ವಾಸನೆಯು ಬೀದಿಗೆ ಬಂದಿತೆಂದರೆ ಊಟದ ಹೊತ್ತಾಯಿತೆಂದು ಗಡಿಯಾರವನ್ನು ನೋಡದೆಯೇ ತಿಳಿಯಬಹುದು. ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಸಾರು, ಅದರ ಬದಿಗೆ ಕೆಂಪು ಮಸಾಲೆ ಮೆತ್ತಿ ಕಾವಲಿಯ ಮೇಲೆ ಗರಿಗರಿಯಾಗಿ ಹುರಿದ ಬಂಗುಡೆ. ಇಷ್ಟಿದ್ದರೆ ಕಾರವಾರದಿಂದ ಮಂಗಳೂರಿನ ವರೆಗೆ ಮೀನುಣ್ಣುವ ಯಾವ ಗೃಹಸ್ಥನೂ ತನ್ನ ಊಟದಲ್ಲಿ ಕೊರತೆಯನ್ನೆಣಿಸಲಾರನು. ನಾವೂ ಅಂಥ ಮನೆಯಲ್ಲಿಯೇ ಹುಟ್ಟಿ ಬೆಳೆದವರು. ಆದುದರಿಂದ ಹುರಿದ ಮೀನನ್ನು ನಿಂದಿಸುವುದಕ್ಕಾಗಿ ನಾವು ಈ ಲೇಖನವನ್ನು ಬರೆಯಹೊರಟಿಲ್ಲವೆಂಬುದನ್ನು ವಾಚಕರು ಮೊದಲೇ ತಿಳಿಯಬೇಕು. ಅದೇ ಮೀನನ್ನು, ಅದೇ ಮಸಾಲೆಯಲ್ಲಿ, ತರಕಾರಿಗಳ ಸಂಗಡ ಒಂದೇ ತಟ್ಟೆಯಲ್ಲಿಟ್ಟು ಓವನ್ನಿನ ಶಾಖದಲ್ಲಿ ಬೇಯಿಸುವ ಇನ್ನೊಂದು ಕ್ರಮವುಂಟು. ಅದರಿಂದ ಉಣ್ಣುವವರ ದೇಹಕ್ಕೆ ಹಿತವಾಗುವುದು ಮಾತ್ರವಲ್ಲ, ಅಡಿಗೆ ಮಾಡುವವರಿಗೂ ಒಂದು ಉಪಕಾರವಾಗುವುದು. ಇದನ್ನು ನಮ್ಮ ಮನೆಯ ಅನುಭವದಿಂದ ತಿಳಿದು ಹೇಳುತ್ತಿದ್ದೇವೆ.

ಶಾಕಾಹಾರಿಗಳಾದ ವಾಚಕರು ಈ ಪುಟವನ್ನು ಒಮ್ಮೆಗೇ ತಿರುವಿ ಹಾಕಬಾರದೆಂದು ನಮ್ಮ ಬಿನ್ನಹ. ಮುಂದೆ ಹೇಳುವ ತರಕಾರಿಯ ಭಾಗವು ಮೀನಿನ ಹಂಗಿಲ್ಲದೆಯೂ ಚೆನ್ನಾಗಿ ನಿಲ್ಲುವಂಥದು.

ಮನೆಯಲ್ಲಿ ಈ ಮಾತು ಹುಟ್ಟಿದ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಿತು. ವೈದ್ಯರು ಪರೀಕ್ಷಿಸಿ ಔಷಧಗಳನ್ನು ಬರೆದುಕೊಟ್ಟ ಮೇಲೆ, ಊಟದ ವಿಷಯದಲ್ಲಿ ಎರಡೇ ಮಾತು ಹೇಳಿದರು: ಎಣ್ಣೆಯನ್ನೂ ಉಪ್ಪನ್ನೂ ಕಡಿಮೆಮಾಡಬೇಕು, ತರಕಾರಿಯನ್ನು ಹೆಚ್ಚಿಸಬೇಕು. ಮೀನನ್ನು ಅವರು ನಿಷೇಧಿಸಲಿಲ್ಲ. “ಮೀನು ತಿನ್ನಿರಿ, ಆದರೆ ಹುರಿದುದನ್ನು ದಿನವೂ ತಿನ್ನಬೇಡಿರಿ” ಎಂದರು.

ಈ ಮಾತು ಕೇಳುವುದಕ್ಕೆ ಸುಲಭವಾಗಿದ್ದಿತು. ಆದರೆ ಅದರ ಭಾರವೆಲ್ಲವೂ ಬಿದ್ದುದು ನಮ್ಮ ತಾಯಿಯವರ ಮೇಲೆ. ಮದುವೆಯಾಗಿ ಬಂದ ದಿನದಿಂದ ನಲವತ್ತು ವರ್ಷಗಳ ಕಾಲ ಅವರು ಆ ಮನೆಯಲ್ಲಿ ಮೀನು ಹುರಿದಿದ್ದರು. ಅವರ ಕೈಯ ಬಂಗುಡೆಯನ್ನು ಹೊಗಳದ ನೆಂಟರಿಲ್ಲ. “ಹುರಿಯದ ಮೀನೂ ಒಂದು ಮೀನೇ? ಇನ್ನು ಈ ಮನೆಯಲ್ಲಿ ನನಗೇನು ಕೆಲಸ?” ಎಂದು ಅವರು ನಗುತ್ತಲೇ ಹೇಳಿದರಾದರೂ, ಆ ನಗೆಯ ಹಿಂದೆ ನಗೆಯಿರಲಿಲ್ಲವೆಂಬುದನ್ನು ನಾವು ಕಂಡೆವು. ಒಬ್ಬರ ಆರೋಗ್ಯಕ್ಕಾಗಿ ಅಡಿಗೆಯನ್ನು ಬದಲಿಸುವಾಗ, ಆ ಅಡಿಗೆಯಲ್ಲಿಯೇ ತನ್ನ ಮರ್ಯಾದೆಯನ್ನು ಇಟ್ಟುಕೊಂಡಿರುವ ಇನ್ನೊಬ್ಬರಿರುತ್ತಾರೆಂಬುದನ್ನು ವೈದ್ಯರ ಚೀಟಿಯು ತಿಳಿಸುವುದಿಲ್ಲ.

ನಾವು ಮೊದಲು ಮಾಡಿದ ಕೆಲಸವೆಂದರೆ ಎಣ್ಣೆಯನ್ನು ಅಳೆದು ನೋಡಿದುದು. ಎಂಟು ಬಂಗುಡೆಗಳನ್ನು ಎರಡು ಸರತಿಯಲ್ಲಿ ಹುರಿಯುವುದಕ್ಕೆ ನಮ್ಮ ಕಾವಲಿಯು ಹನ್ನೆರಡು ಚಹಾ ಚಮಚ ಎಣ್ಣೆಯನ್ನು ಬೇಡಿತು. ಅಷ್ಟೂ ಮೀನಿಗೇ ಸೇರುವುದಿಲ್ಲ, ಸ್ವಲ್ಪ ಕಾವಲಿಯಲ್ಲಿಯೇ ಉಳಿಯುವುದು ನಿಜ; ಆದರೂ ಮಸಾಲೆಯ ಹೊರಪದರವು ಅದರಲ್ಲಿ ಸಾಕಷ್ಟನ್ನು ಹೀರಿಕೊಳ್ಳುವುದು. ಹೀಗೆ ಅಳೆಯುವಾಗ ನಾವು ಅಡಿಗೆಮನೆಯಲ್ಲಿ ನಿಂತಿದ್ದುದರಿಂದ, ಇಷ್ಟು ವರ್ಷ ಕಣ್ಣೆದುರಿಗಿದ್ದೂ ಕಾಣದೆ ಹೋಗಿದ್ದ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು. ಹುರಿದ ಮೀನಿನ ರುಚಿಯೆಲ್ಲವೂ ಅದರ ಬಿಸಿಯಲ್ಲಿದೆ. ಆದುದರಿಂದ ಮನೆಯವರು ಎಲೆಯ ಮುಂದೆ ಕುಳಿತ ಮೇಲೆ ಒಬ್ಬರು ಒಲೆಯ ಮುಂದೆ ನಿಂತು ಒಂದೊಂದಾಗಿ ಹುರಿದು ಕಳುಹಿಸುತ್ತಿರಬೇಕು. ನಮ್ಮ ತಾಯಿಯವರು ಎಲ್ಲರ ಊಟ ಮುಗಿದ ಮೇಲೆ, ತಣ್ಣಗಾದ ಬಾಲದ ತುಂಡನ್ನು ಹಾಕಿಕೊಂಡು ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಮನೆಯ ಎಲ್ಲರಿಗೂ ಬಿಸಿ ಬಡಿಸಿದವರು ಬಿಸಿಯನ್ನು ಉಂಡವರಲ್ಲ.

ಮೊದಲ ಸೋಲು ಮತ್ತು ಅದರ ಕಾರಣ

ಮನೆಗೆ ಒಂದು ಸಣ್ಣ ವಿದ್ಯುತ್ ಓವನ್ ಬಂದಿತು. ನಾವು ಉತ್ಸಾಹದಿಂದ ಬಂಗುಡೆ, ಆಲೂಗೆಡ್ಡೆ, ಕ್ಯಾರೆಟ್, ಟೊಮೆಟೊ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಹರಡಿ, ನಲವತ್ತು ನಿಮಿಷ ಒಳಗಿಟ್ಟೆವು. ಹೊರತೆಗೆದು ನೋಡಿದರೆ ಮೀನು ಒಣಗಿ ತೊಗಟೆಯಂತಾಗಿದ್ದಿತು; ಆಲೂಗೆಡ್ಡೆಯೋ ಹಲ್ಲಿಗೆ ಕಚಕಚನೆ ಸಿಕ್ಕುತ್ತಿದ್ದಿತು. ತಾಯಿಯವರು ಒಂದು ಮಾತನ್ನೂ ಆಡದೆ ಆ ಮೀನನ್ನು ಮರುದಿನದ ಸಾರಿಗೆ ಹಾಕಿದರು. ಅವರು ಬೈದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇಂಥ ಸೋಲು ಅನೇಕರಿಗೆ ಆಗಿರಬಹುದಾದುದರಿಂದ ಅದರ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಮೀನು ನೀರಿನಲ್ಲಿ ತೇಲುವ ಪ್ರಾಣಿ. ನೆಲದ ಮೇಲೆ ನಡೆಯುವ ಪ್ರಾಣಿಗಳಂತೆ ಅದು ತನ್ನ ಭಾರವನ್ನು ತಾನೇ ಹೊರಬೇಕಾಗಿಲ್ಲ. ಆದುದರಿಂದ ಅದರ ಮಾಂಸದಲ್ಲಿ ಗಟ್ಟಿಯಾದ ಅಂಟುನಾರು ಬಹಳ ಕಡಿಮೆ; ಇರುವುದೂ ಅಲ್ಪ ಶಾಖಕ್ಕೇ ಕರಗುವುದು. ಒಂದು ಅಂಗುಲ ದಪ್ಪದ ಮೀನು ಬಿಸಿಯಾದ ಓವನ್ನಿನಲ್ಲಿ ಬೇಯುವುದಕ್ಕೆ ಸುಮಾರು ಹತ್ತು ನಿಮಿಷ ಸಾಕೆಂಬುದು ಪಾಕಶಾಸ್ತ್ರದಲ್ಲಿ ರೂಢಿಯಾಗಿರುವ ಲೆಕ್ಕ. ಎಲೆಯಲ್ಲಿ ಸುತ್ತಿದ್ದರೆ ಇನ್ನು ಕೆಲವು ನಿಮಿಷ ಹೆಚ್ಚು ಬೇಕು. ಅದಕ್ಕಿಂತ ಬಹಳ ಹೊತ್ತು ಇಟ್ಟರೆ ಒಳಗಿನ ರಸವೆಲ್ಲವೂ ಹಿಂಡಿ ಹೊರಬಂದು ಮಾಂಸವು ಒಣಗುವುದು. ಗೆಡ್ಡೆಗಳ ಸ್ವಭಾವವು ಇದಕ್ಕೆ ವಿರೋಧವಾದುದು. ಅವುಗಳ ಪಿಷ್ಟವೂ ಕಣಗಳ ಗೋಡೆಯೂ ಮೆತ್ತಗಾಗುವುದಕ್ಕೆ ಹೆಚ್ಚು ಶಾಖವೂ ಹೆಚ್ಚು ಕಾಲವೂ ಬೇಕು. ಅದರ ಮೇಲೆ ಟೊಮೆಟೊ, ಹುಣಸೆ ಮುಂತಾದ ಹುಳಿ ಪದಾರ್ಥಗಳು ಸೇರಿದರೆ ಗೆಡ್ಡೆಯು ಮತ್ತಷ್ಟು ತಡವಾಗಿ ಬೇಯುವುದು. ಹೀಗೆ ಒಂದೇ ತಟ್ಟೆಯಾದರೂ ಒಂದೇ ಹೊತ್ತಿಗೆ ಎಲ್ಲವನ್ನೂ ಹಾಕಬಾರದು. ನಿಧಾನವಾಗಿ ಬೇಯುವುದು ಮೊದಲು, ಬೇಗನೆ ಬೇಯುವುದು ಕಡೆಗೆ. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಅಡಿಗೆಯ ಮುಕ್ಕಾಲು ಭಾಗವು ಗೆದ್ದಂತೆ.

ಉಳಿದ ಕಾಲು ಭಾಗವನ್ನು ನಮ್ಮ ತಾಯಿಯವರೇ ಗೆದ್ದುಕೊಟ್ಟರು. ಎರಡು ದಿನಗಳು ಕಳೆದ ಮೇಲೆ ಅವರು ತಾವಾಗಿಯೇ ಹೇಳಿದರು: “ನಮ್ಮ ಅಮ್ಮ ಬಚ್ಚಲ ಒಲೆಯ ಕೆಂಡದಲ್ಲಿ ಮೀನು ಸುಡುತ್ತಿದ್ದರು. ಬರಿದೇ ಸುಡುತ್ತಿರಲಿಲ್ಲ, ಬಾಳೆಯೆಲೆಯಲ್ಲಿ ಸುತ್ತಿ ಸುಡುತ್ತಿದ್ದರು. ನಿನ್ನ ಪೆಟ್ಟಿಗೆಗೂ ಎಲೆ ಹಾಕಿ ನೋಡು.” ಎಲೆಯ ಒಳಗೆ ಮೀನು ತನ್ನ ಹಬೆಯಲ್ಲಿಯೇ ಬೇಯುವುದರಿಂದ ಒಣಗುವುದಿಲ್ಲ, ಮಸಾಲೆಯು ಸೀದುಹೋಗುವುದಿಲ್ಲ, ಎಲೆಯ ಪರಿಮಳವೂ ಮೀನಿಗೆ ಹತ್ತುವುದು. ಓವನ್ ಹೊಸದಾಗಿರಬಹುದು, ಆದರೆ ಕ್ರಮವು ಹಳೆಯದು.

ಮೀನಿನ ಅಡಿಗೆಯು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳ ವಿಚಾರವೂ ಅವುಗಳನ್ನು ಹಿಡಿಯುವ ವಿನೋದವೂ ಅಡಿಗೆಯ ವಿಷಯವೂ ಬಂದಿವೆ. ಆ ದೊರೆಯ ಪಾಕಶಾಲೆಯಲ್ಲಿ ಮೆಣಸಿನಕಾಯಿಯಿರಲಿಲ್ಲ, ಆಲೂಗೆಡ್ಡೆಯಿರಲಿಲ್ಲ, ಟೊಮೆಟೊ ಇರಲಿಲ್ಲ. ಇವೆಲ್ಲವೂ ಅಮೆರಿಕಾ ಖಂಡದ ಬೆಳೆಗಳಾಗಿದ್ದು, ಪೋರ್ಚುಗೀಸರೇ ಮೊದಲಾದ ಪಾಶ್ಚಾತ್ಯರು ನಮ್ಮ ದೇಶಕ್ಕೆ ಬಂದ ಮೇಲೆ ನಮ್ಮ ಒಲೆಗೆ ಸೇರಿದವು. ಇಂದು ಬ್ಯಾಡಗಿ ಮೆಣಸಿನಕಾಯಿಯಿಲ್ಲದೆ ಮೀನಿನ ಮಸಾಲೆಯನ್ನು ನಾವು ಊಹಿಸಲಾರೆವು. ಅಡಿಗೆಯು ಬದಲಾಗುವುದರಿಂದ ಸಂಪ್ರದಾಯವು ಕೆಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಮೀನನ್ನು ಆರಿಸುವ ಬಗೆ

ಬೇಯಿಸುವ ಅಡಿಗೆಯಲ್ಲಿ ಎಣ್ಣೆ ಮಸಾಲೆಗಳು ಮೀನಿನ ದೋಷವನ್ನು ಮುಚ್ಚಲಾರವು. ಆದುದರಿಂದ ಮೀನು ಹೊಸದಾಗಿರಬೇಕು. ಕಣ್ಣು ತುಂಬಿಕೊಂಡು ಹೊಳೆಯುತ್ತಿರಬೇಕು, ಒಳಕ್ಕೆ ಇಳಿದು ಮಂಕಾಗಿರಬಾರದು. ಕಿವಿರುಗಳು ಕೆಂಪಾಗಿರಬೇಕು. ಬೆರಳಿನಿಂದ ಒತ್ತಿದ ಗುರುತು ಕೂಡಲೇ ಮುಚ್ಚಿಕೊಳ್ಳಬೇಕು. ವಾಸನೆಯು ಸಮುದ್ರದ ನೀರಿನದಾಗಿರಬೇಕು, ಹುಳಿತ ವಾಸನೆ ಸಲ್ಲದು. ಮಲ್ಪೆಯ ಬಂದರಿನಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ, ಮನೆಯ ಬಾಗಿಲಿಗೆ ಬರುವ ಮೀನುಗಾರ್ತಿಯಿಂದಾಗಲಿ ಕೊಳ್ಳುವವರು ಇದನ್ನು ಬಲ್ಲರು. ದೂರದ ಊರುಗಳಲ್ಲಿರುವವರು ಮಂಜುಗಡ್ಡೆಯಲ್ಲಿ ಬಂದ ಮೀನನ್ನು ಕೊಳ್ಳುವಾಗ ಇನ್ನಷ್ಟು ಎಚ್ಚರದಿಂದಿರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಬಂಗುಡೆ, ಬೂತಾಯಿ ಮೊದಲಾದ ಮೀನುಗಳನ್ನು ತಂಪಿಲ್ಲದೆ ಹೊತ್ತುಗಟ್ಟಲೆ ಇಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ಪದಾರ್ಥವು ಹುಟ್ಟುವುದು. ಅದನ್ನು ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ಮೈತುರಿಕೆ, ವಾಂತಿ ಬರಬಹುದು. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ಆದುದರಿಂದ ಕೊಂಡ ಮೀನನ್ನು ಕೂಡಲೇ ಶುಚಿಮಾಡಿ ಶೀತಕಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಡಬೇಕು. ಮಸಾಲೆ ಮೆತ್ತಿದ ಮೀನನ್ನೂ ಹೊರಗೆ ಬಿಡಬಾರದು.

ಯಾವ ಮೀನು ಎಂಬ ಪ್ರಶ್ನೆಗೆ, ಅಗ್ಗದ ಮೀನೇ ಒಳ್ಳೆಯದೆಂದು ಹೇಳುವುದಕ್ಕೆ ನಮಗೆ ಸಂತೋಷವಾಗುತ್ತದೆ. ಅಂಜಲ್, ಮಾಂಜಿಗಳು ಔತಣದ ಮೀನುಗಳು. ಬಂಗುಡೆ, ಬೂತಾಯಿಗಳು ದಿನದ ಮೀನುಗಳು. ಆದರೆ ಹೃದಯಕ್ಕೆ ಹಿತವೆನ್ನುವ ಒಮೇಗಾ-3 ಎಂಬ ಕೊಬ್ಬಿನ ಅಂಶವು ಈ ಸಣ್ಣ ಮೀನುಗಳಲ್ಲಿಯೇ ಹೇರಳವಾಗಿದೆ. ಸಸಾರಜನಕವಲ್ಲದೆ ಡಿ ಮತ್ತು ಬಿ-12 ಜೀವಸತ್ವಗಳೂ ಇವುಗಳಲ್ಲಿವೆ. ಇತರ ಮೀನುಗಳನ್ನು ತಿಂದು ಬಹುಕಾಲ ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸದ ಅಂಶವು ಸೇರಿಕೊಳ್ಳುವ ಸಂಭವ ಹೆಚ್ಚು. ಸಣ್ಣ ಮೀನುಗಳಲ್ಲಿ ಆ ಭಯವು ಕಡಿಮೆ. ಗರ್ಭಿಣಿಯರೂ ಮಕ್ಕಳೂ ಇರುವ ಮನೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬೇಕಾಗುವ ಸಾಮಗ್ರಿ (ಐವರಿಗೆ)

ನಡುಗಾತ್ರದ ಬಂಗುಡೆ 6, ತೂಕ ಸುಮಾರು 1 ಕಿಲೋಗ್ರಾಂ. ಆಲೂಗೆಡ್ಡೆ 300 ಗ್ರಾಂ. ಕ್ಯಾರೆಟ್ 2. ಗುಳ್ಳ ಬದನೆ 1, ತೂಕ ಸುಮಾರು 250 ಗ್ರಾಂ. ಉಡುಪಿಯ ಮಟ್ಟುಗುಳ್ಳ ಸಿಕ್ಕಿದರೆ ಅತ್ಯುತ್ತಮ. ದೊಣ್ಣೆಮೆಣಸಿನಕಾಯಿ 1. ಈರುಳ್ಳಿ 2. ಟೊಮೆಟೊ 2. ತೆಂಗಿನೆಣ್ಣೆಯನ್ನಾಗಲಿ ಮನೆಯಲ್ಲಿ ರೂಢಿಯಿರುವ ಬೇರೆ ಎಣ್ಣೆಯನ್ನಾಗಲಿ 4 ಚಹಾ ಚಮಚ. ಉಪ್ಪು ಎಲ್ಲಕ್ಕೂ ಸೇರಿ 1½ ಚಹಾ ಚಮಚ. ಬಾಡಿಸಿದ ಬಾಳೆಯೆಲೆಯ ತುಂಡು 6. ನಿಂಬೆಹಣ್ಣು 1.

ಮಸಾಲೆಗೆ: ಬ್ಯಾಡಗಿ ಮೆಣಸಿನಕಾಯಿ 8, ಕೊತ್ತಂಬರಿ ಬೀಜ 2 ಚಹಾ ಚಮಚ, ಜೀರಿಗೆ ½ ಚಹಾ ಚಮಚ, ಕಾಳುಮೆಣಸು 10, ಅರಸಿನ ½ ಚಹಾ ಚಮಚ, ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ಅಂಗುಲ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಇವೆಲ್ಲವನ್ನೂ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆದಿಟ್ಟುಕೊಳ್ಳಬೇಕು. ಮಸಾಲೆಯು ಗಟ್ಟಿಯಾಗಿದ್ದರೆ ಮೀನಿಗೆ ಹಿಡಿಯುವುದು; ನೀರಾಗಿದ್ದರೆ ಎಲೆಯಲ್ಲಿ ಹರಿದುಹೋಗುವುದು.

ಉಪ್ಪಿನ ಅಳತೆಯು ಕಡಿಮೆಯೆಂದು ಕೆಲವರಿಗೆ ತೋರಬಹುದು. ಒಬ್ಬ ವಯಸ್ಕನು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಅದು ಒಂದು ಚಹಾ ಚಮಚಕ್ಕೂ ಮೀರದು. ನಮ್ಮ ಅಳತೆಯಲ್ಲಿ ಒಬ್ಬೊಬ್ಬರಿಗೆ ಸುಮಾರು 2 ಗ್ರಾಂ ಬರುವುದು. ಹುಳಿ, ಕಾಳುಮೆಣಸು, ಬೆಳ್ಳುಳ್ಳಿಗಳು ಚೆನ್ನಾಗಿದ್ದರೆ ನಾಲಗೆಯು ಉಪ್ಪನ್ನು ಅಷ್ಟಾಗಿ ಬೇಡದು.

ಮಾಡುವ ಕ್ರಮ

ಮೀನಿನ ಕಿವಿರು, ಕರುಳುಗಳನ್ನು ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೊಳೆಯಬೇಕು. ಕಹಿಯು ಅಲ್ಲಿಯೇ ಇರುವುದು. ತೊಳೆದ ಮೇಲೆ ಶುಭ್ರವಾದ ಬಟ್ಟೆಯಿಂದ ನೀರನ್ನು ಒತ್ತಿ ತೆಗೆದು, ಎರಡು ಬದಿಗಳಲ್ಲಿಯೂ ಮೂರು ಮೂರು ಗೀರು ಹಾಕಿ, ಒಂದು ಚಹಾ ಚಮಚ ಉಪ್ಪು ಸೇರಿಸಿದ ಮಸಾಲೆಯನ್ನು ಗೀರುಗಳ ಒಳಗೂ ಹೊಟ್ಟೆಯ ಒಳಗೂ ತುಂಬಿ ಮೆತ್ತಬೇಕು. ಅರ್ಧ ಗಂಟೆ ತಂಪಿನಲ್ಲಿಡಬೇಕು.

ಬಾಳೆಯೆಲೆಯ ತುಂಡುಗಳನ್ನು ಉರಿಯ ಮೇಲೆ ಒಂದು ಸಲ ಆಚೆಯಿಂದೀಚೆಗೆ ಎಳೆದರೆ ಅವು ಬಾಡಿ ಮೆತ್ತಗಾಗುವವು. ಹೀಗೆ ಮಾಡದೆ ಮಡಿಸಿದರೆ ಎಲೆಯು ಸೀಳುವುದು. ಎಲೆಯ ಬದಲಿಗೆ ಅಲ್ಯುಮಿನಿಯಮ್ ಹಾಳೆಯನ್ನು ಬಳಸುವವರೂ ಉಂಟು. ಆದರೆ ಹುಣಸೆ, ನಿಂಬೆಗಳ ಹುಳಿಯು ಆ ಲೋಹವನ್ನು ತಿನ್ನುವುದರಿಂದ ಹಾಳೆಯು ಮಸಾಲೆಗೆ ನೇರವಾಗಿ ತಾಗದಿರುವುದೇ ಲೇಸು.

ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕಾಯಿಸಿಟ್ಟುಕೊಳ್ಳಬೇಕು. ಆಲೂಗೆಡ್ಡೆ, ಕ್ಯಾರೆಟ್ಟುಗಳನ್ನು ಅರ್ಧ ಅಂಗುಲದ ಹೋಳುಗಳಾಗಿ ಕೊಯ್ದು, ಎರಡು ಚಹಾ ಚಮಚ ಎಣ್ಣೆಯನ್ನೂ ಕಾಲು ಚಹಾ ಚಮಚ ಉಪ್ಪನ್ನೂ ಹಾಕಿ ಕೈಯಿಂದ ಕಲಸಿ, ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ ಒಳಗಿಡಬೇಕು. ಹೋಳುಗಳು ಗುಡ್ಡೆಯಾಗಿದ್ದರೆ ಹಬೆಯಲ್ಲಿ ಮೆತ್ತಗಾಗುವವೇ ಹೊರತು ಕೆಂಪಗಾಗವು. ಹದಿನೈದು ನಿಮಿಷಗಳ ಮೇಲೆ ತಟ್ಟೆಯನ್ನು ಹೊರಗೆಳೆದು, ನೀರಿನಲ್ಲಿ ಹಾಕಿಟ್ಟಿದ್ದ ಗುಳ್ಳದ ಹೋಳುಗಳನ್ನು ಒರಸಿ, ಈರುಳ್ಳಿ ದೊಣ್ಣೆಮೆಣಸಿನಕಾಯಿಗಳೊಡನೆ ಉಳಿದ ಎಣ್ಣೆ ಉಪ್ಪುಗಳಲ್ಲಿ ಕಲಸಿ ಸೇರಿಸಬೇಕು. ಮತ್ತೆ ಹದಿನೈದು ನಿಮಿಷ.

ಈಗ ಮೀನಿನ ಸರದಿ. ಒಂದೊಂದು ಮೀನನ್ನು ಒಂದೊಂದು ಎಲೆಯಲ್ಲಿ ಸುತ್ತಿ, ಮಡಿಕೆಯು ಮೇಲಿರುವಂತೆ ತರಕಾರಿಯ ಮೇಲಿಟ್ಟು, ಟೊಮೆಟೊ ಹೋಳುಗಳನ್ನು ನಡುನಡುವೆ ಇರಿಸಿ ಇಪ್ಪತ್ತು ನಿಮಿಷ ಬೇಯಿಸಬೇಕು. ಕಡೆಯ ಐದು ನಿಮಿಷಗಳಲ್ಲಿ ಎಲೆಯನ್ನು ಬಿಡಿಸಿಟ್ಟರೆ ಮೇಲಿನ ಮಸಾಲೆಯು ಸ್ವಲ್ಪ ಒಣಗಿ ಬಣ್ಣವೇರುವುದು. ಬೆನ್ನುಮೂಳೆಯ ಬಳಿ ಚಮಚದ ತುದಿಯಿಂದ ಎತ್ತಿ ನೋಡಿದಾಗ ಮಾಂಸವು ಗಾಜಿನಂತೆ ತೋರದೆ ಬೆಳ್ಳಗಾಗಿ, ಮೂಳೆಯಿಂದ ಬಿಡಿಸಿಕೊಂಡು ಬಂದರೆ ಬೆಂದಿತೆಂದು ತಿಳಿಯಬೇಕು. ಶಾಖಮಾಪಕವಿದ್ದವರು ಒಳಗಿನ ಶಾಖವು 63 ಡಿಗ್ರಿ ಮುಟ್ಟಿದೆಯೇ ಎಂದು ನೋಡಬಹುದು. ಹೊರತೆಗೆದು ನಿಂಬೆರಸವನ್ನು ಹಿಂಡಿ, ಎಲೆಯ ಸಮೇತ ಬಡಿಸಬೇಕು. ಎಲೆಯಲ್ಲಿ ಇಳಿದಿರುವ ರಸವನ್ನು ಚೆಲ್ಲಬಾರದು. ಅನ್ನಕ್ಕೆ ಅದೇ ಸಾರಾಗುವುದು.

ಒಟ್ಟು ಐವತ್ತು ನಿಮಿಷಗಳು ಹಿಡಿದರೂ ಕೈಗೆ ಕೆಲಸವಿರುವುದು ಅದರಲ್ಲಿ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತಿನಲ್ಲಿ ಅನ್ನವನ್ನು ಬಸಿದು, ಸೌತೆಕಾಯಿಯ ಪಚ್ಚಡಿಯೊಂದನ್ನು ಕಲಸಿ, ಎಲೆ ಹಾಕಬಹುದು.

ಓವನ್ ಇಲ್ಲದ ಮನೆಗಳಲ್ಲಿ

ಓವನ್ ಇಲ್ಲವೆಂದು ಈ ಊಟವನ್ನು ಬಿಡಬೇಕಾಗಿಲ್ಲ. ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಎರಡು ಚಹಾ ಚಮಚ ಎಣ್ಣೆ ಹಾಕಿ, ಗೆಡ್ಡೆಗಳನ್ನು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಅರೆಬೆಂದ ಮೇಲೆ ಉಳಿದ ತರಕಾರಿಗಳನ್ನು ಹಾಕಬೇಕು. ಇತ್ತ ಕಬ್ಬಿಣದ ಕಾವಲಿಯನ್ನು ಕಾಯಿಸಿ, ಎಲೆಯಲ್ಲಿ ಸುತ್ತಿದ ಮೀನುಗಳನ್ನು ಅದರ ಮೇಲೆ ಎಣ್ಣೆಯಿಲ್ಲದೆ ಇರಿಸಿ, ಒಂದು ಆಳವಾದ ಪಾತ್ರೆಯನ್ನು ಕವುಚಿ ಮುಚ್ಚಿ, ಒಂದೊಂದು ಬದಿಗೆ ಏಳೆಂಟು ನಿಮಿಷದಂತೆ ನಡು ಉರಿಯಲ್ಲಿ ಬೇಯಿಸಬೇಕು. ಹೊರಗಿನ ಎಲೆಯು ಕಪ್ಪಾದರೆ ಭಯವಿಲ್ಲ. ಕಟ್ಟಿಗೆಯ ಒಲೆಯುಳ್ಳವರು ಬೂದಿ ಮುಚ್ಚಿದ ಕೆಂಡದಲ್ಲಿ, ಎರಡು ಮೂರು ಪದರ ಎಲೆಯಲ್ಲಿ ಸುತ್ತಿ, ನಮ್ಮ ಅಜ್ಜಿಯವರಂತೆಯೇ ಮಾಡಬಹುದು.

ಬಯಲುಸೀಮೆಯವರು ಬಂಗುಡೆಯ ಬದಲಿಗೆ ಕೆರೆಯ ರೋಹು, ಕಾಟ್ಲಾ ಮೀನುಗಳನ್ನು ಅಂಗುಲ ದಪ್ಪದ ತುಂಡುಗಳಾಗಿ ಕೊಯ್ಸಿಕೊಂಡು ಇದೇ ಕ್ರಮದಲ್ಲಿ ಬೇಯಿಸಿದರೆ ಹದಿನೈದು ನಿಮಿಷ ಸಾಕು. ಜೂನ್ 1ರಿಂದ ಜುಲೈ 31ರ ವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯು ನಿಷಿದ್ಧವಾಗಿರುವುದು. ಮೀನುಗಳ ಸಂತತಿಯು ಬೆಳೆಯುವುದಕ್ಕಾಗಿ ಈ ಬಿಡುವು. ಆಗ ಹೊಸ ಮೀನು ಸಿಕ್ಕುವುದು ಅಪರೂಪ. ಆ ಎರಡು ತಿಂಗಳು ನಾವು ಇದೇ ತಟ್ಟೆಯಲ್ಲಿ ಸುವರ್ಣಗೆಡ್ಡೆ, ಗೆಣಸು, ಗುಳ್ಳಗಳನ್ನು ಅದೇ ಮಸಾಲೆಯಲ್ಲಿ ಬೇಯಿಸುವುದುಂಟು. ಶಾಕಾಹಾರಿ ವಾಚಕರಿಗೆ ನಾವು ಮೊದಲಲ್ಲಿ ಕೊಟ್ಟ ಮಾತು ಇದೇ.

ಮಿತಿಯ ಮಾತು

ಮೀನು ಔಷಧವಲ್ಲ, ಆಹಾರ. ವಾರಕ್ಕೆ ಎರಡು ಸಲ ಮೀನು ತಿನ್ನುವುದು ಒಳ್ಳೆಯದೆಂದು ಅಮೆರಿಕದ ಹೃದಯ ಸಂಘವು ಸಲಹೆಮಾಡಿದೆ. ಆದರೆ ವೈದ್ಯರು ಬರೆದ ಗುಳಿಗೆಯ ಬದಲಿಗೆ ಬಂಗುಡೆಯನ್ನು ತಿನ್ನಬೇಕೆಂದು ಯಾರೂ ಹೇಳಿಲ್ಲ. ಸಂಧಿಗಳಲ್ಲಿ ಯೂರಿಕ್ ಆಮ್ಲದ ಬಾಧೆಯಿರುವವರಿಗೆ ಬೂತಾಯಿ, ಬಂಗುಡೆಗಳು ಒಗ್ಗದಿರಬಹುದು. ಅಂಥವರು ವೈದ್ಯರನ್ನು ಕೇಳಿಯೇ ತಿನ್ನತಕ್ಕದ್ದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ದಿನದ ತಟ್ಟೆಯ ಅರ್ಧದಷ್ಟು ಭಾಗವು ತರಕಾರಿ, ಹಣ್ಣು, ಸೊಪ್ಪು, ಗೆಡ್ಡೆಗಳಿಂದ ತುಂಬಿರಬೇಕೆಂದು ಹೇಳಿದೆ. ನಮ್ಮ ಹಳೆಯ ಮೀನಿನ ಊಟದಲ್ಲಿ ಅನ್ನವು ಗುಡ್ಡದಷ್ಟು, ಮೀನು ತಟ್ಟೆಯಂಚಿಗೆ, ತರಕಾರಿಯು ಹೆಸರಿಗೆ ಮಾತ್ರ ಇರುತ್ತಿದ್ದಿತು. ಈ ಹೊಸ ತಟ್ಟೆಯಲ್ಲಿ ಮೀನಿನಷ್ಟೇ ತರಕಾರಿಯು ತಾನಾಗಿ ಬಂದು ಸೇರುವುದು. ಮೀನಿನ ರಸವು ಇಳಿದಿರುವುದರಿಂದ ಮಕ್ಕಳೂ ಅದನ್ನು ಬದಿಗೆ ಸರಿಸದೆ ತಿನ್ನುವರು. ಆರೋಗ್ಯದ ಲಾಭವು ಎಣ್ಣೆ ಕಡಿಮೆಯಾದುದರಲ್ಲಿ ಎಷ್ಟಿದೆಯೋ ತರಕಾರಿ ಹೆಚ್ಚಾದುದರಲ್ಲಿಯೂ ಅಷ್ಟೇ ಇದೆಯೆಂದು ನಮ್ಮ ಅಭಿಪ್ರಾಯ.

ಹುರಿದ ಮೀನು ನಮ್ಮ ಮನೆಯಿಂದ ಹೊರಟುಹೋಗಲಿಲ್ಲ. ಹಬ್ಬಕ್ಕೋ ನೆಂಟರು ಬಂದಾಗಲೋ ಕಾವಲಿಯು ಈಗಲೂ ಒಲೆಗೇರುವುದು. ತಂದೆಯವರಿಗೂ ಅರ್ಧ ತುಂಡು ಸಿಕ್ಕುವುದು. ದಿನದ ಅಡಿಗೆ ಮಾತ್ರ ಬದಲಾಯಿತು. ಮಸಾಲೆಯನ್ನು ಇಂದಿಗೂ ತಾಯಿಯವರೇ ಅರೆಯುವರು. ಅದರ ಹದವು ಬೇರೆ ಯಾರಿಗೂ ಬಂದಿಲ್ಲ. ನೆಂಟರು ಹೊಗಳುವುದೂ ನಿಂತಿಲ್ಲ.

ಬಾಳೆಯೆಲೆಯಲ್ಲಿ ಮೊದಲ ಸಲ ಮೀನು ಸರಿಯಾಗಿ ಬೆಂದ ದಿನದ ನೆನಪು ನಮಗೆ ಚೆನ್ನಾಗಿದೆ. ತಟ್ಟೆಯನ್ನು ಹೊರತೆಗೆದು ನಡುವಿನಲ್ಲಿಟ್ಟೆವು. ಎಲ್ಲರೂ ಕುಳಿತರು, ತಾಯಿಯವರೂ ಕುಳಿತರು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಅವರು ರೂಢಿಯಂತೆ ಒಲೆಯ ಕಡೆಗೆ ನೋಡಿ ಅರ್ಧ ಎದ್ದರು. ಒಲೆಯ ಮೇಲೆ ಏನೂ ಇರಲಿಲ್ಲ.

“ಇನ್ನು ಏಳುವುದಕ್ಕೆ ಏನೂ ಇಲ್ಲವೇ?” ಎಂದು ಕೇಳಿದರು.

“ಏನೂ ಇಲ್ಲ, ಕೂತುಕೋ” ಎಂದು ತಂದೆಯವರು ತಮ್ಮ ತಟ್ಟೆಯ ಪಕ್ಕದಲ್ಲಿದ್ದ ಎಲೆಯ ಪೊಟ್ಟಣವನ್ನು ಅವರ ಕಡೆಗೆ ಸರಿಸಿದರು.

ತಾಯಿಯವರು ಕುಳಿತುಕೊಂಡು ಎಲೆಯನ್ನು ಬಿಡಿಸಿದರು. ಒಳಗಿನಿಂದ ಹಬೆ ಎದ್ದಿತು. ಆ ಮನೆಯಲ್ಲಿ ಅವರು ಎಲ್ಲರ ಜೊತೆಯಲ್ಲಿ ಕುಳಿತು ಬಿಸಿ ಮೀನನ್ನು ಉಂಡುದು ಅದೇ ಮೊದಲು. ಉಪ್ಪು ಸ್ವಲ್ಪ ಕಡಿಮೆಯಾಯಿತೆಂದು ಹೇಳಿದರು, ಇನ್ನೊಂದನ್ನು ಹಾಕಿಸಿಕೊಂಡರು.